ವಿಮಾನದ ಕೆಳಗೆ ನಿಂತ ಭಾವ

ನಮ್ಮ ಭಾವ ನಿಂತರೆ ನಿಂತ ಹಾಗೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ವರದಿ ಎಂದು ತಿಳಿಯಿರಿ. ಒಮ್ಮೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದೆವು. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯಿಂದ ಬಂದ ಹೆಂಗಸೊಬ್ಬಳು ತನ್ನ ಚೀಲವನ್ನು ಭಾವನ ಮೊಣಕೈಗೆ ನೇತುಹಾಕಿದಳು. ಸೆರಗು ಸರಿಮಾಡಿಕೊಂಡಳು. ತುರುಬು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಚೀಲ ತೆಗೆದುಕೊಂಡು ಹೋದಳು. ಅವರನ್ನು ಕಂಬ ಅಂದುಕೊಂಡಳೋ, ಕಂಬಕ್ಕಿಂತ ಅನುಕೂಲ ಅಂದುಕೊಂಡಳೋ ನಾನರಿಯೆ. ಭಾವ ಮಾತ್ರ ಅಷ್ಟು ಹೊತ್ತೂ ಮೊಣಕೈ ಇಳಿಸಲಿಲ್ಲ.

"ಯಾಕೆ ಭಾವ ಸುಮ್ಮನಿದ್ರಿ?" ಎಂದು ಕೇಳಿದೆ.

ಬಸ್ಸು ಬಂತು, ಹತ್ತಿದೆವು, ಸೀಟು ಸಿಕ್ಕಿತು, ಊರು ದಾಟಿ ಎರಡು ಹಳ್ಳಿ ಕಳೆದವು. ಆಗ ಉತ್ತರ ಬಂತು: "ತುರುಬು ಕಟ್ಕೋಬೇಕಿತ್ತಲ್ಲಮ್ಮ ಆಯಮ್ಮ."

ಅವರ ಹೆಸರು ಮುನಿರಾಜು. ಊರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಓದಿದ್ದು ಬಿ.ಎಸ್ಸಿ. ಕೆಲಸ, ಆಂಧ್ರದ ಕರಾವಳಿಯ ನೆಲ ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಒಂದು ಕಂಪನಿಯಲ್ಲಿ. ಸುತ್ತ ನೂರಾರು ಮೈಲಿ ಸಮುದ್ರದ ಸುಳಿವಿಲ್ಲದ ನಮ್ಮ ಸೀಮೆಯಲ್ಲಿ ಇಂಥ ಉದ್ಯೋಗವನ್ನು ವಿವರಿಸಿ ಹೆಣ್ಣು ಕೇಳುವುದು ಎಷ್ಟು ಕಷ್ಟ ಎಂಬುದನ್ನು ನೀವೇ ಊಹಿಸಿ. ನಾನು ಊಹಿಸಬೇಕಾಗಿಲ್ಲ. ಹೆಣ್ಣು ನೋಡಲು ಬಂದ ದಿನ ಅವರನ್ನು ಪಾಟೀಸವಾಲಿಗೆ ಗುರಿಮಾಡಿದವಳು ನಾನೇ.

ಆಗ ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಓದುವುದಕ್ಕಿಂತ ವಾದಿಸುವುದೇ ಹೆಚ್ಚು. ಚರ್ಚಾಸ್ಪರ್ಧೆಯಲ್ಲಿ ಪರವಾಗಲಿ ವಿರೋಧವಾಗಲಿ, ಚೀಟಿ ಯಾವ ಕಡೆಗೆ ಬಂತೋ ಆ ಕಡೆ ನಿಂತು ಗೆದ್ದು ಬರುತ್ತಿದ್ದೆ. ಮನೆಯಲ್ಲಿ ಫಲಕಗಳನ್ನು ಇಡಲು ಜಾಗವಿಲ್ಲದೆ ಅಮ್ಮ ಒಂದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದಳು. "ಈ ಹುಡ್ಗಿ ಹೊಟ್ಟೇಲಿದ್ದಾಗ ಒದೀತಿರಲಿಲ್ಲ ಕಣ್ರೀ, ಆಕ್ಷೇಪಣೆ ಎತ್ತುತಿತ್ತು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅಪ್ಪ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಹೆಡ್‌ಮಾಸ್ಟರು. ಗೋಡೆಯ ಮೇಲೆ ಬುದ್ಧನ ಪಟ, ಮೇಜಿನ ಮೇಲೆ ಬೆತ್ತ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಜೀವನ ನಡೆಸಿದ ಮನುಷ್ಯ. ಅವರಿಗೊಂದು ಹಳೆಯ ಆಸೆ ಇತ್ತು. ಅಪ್ಪ ಹುಟ್ಟಿದ ಹಳ್ಳಿಯಲ್ಲಿ ಊರು ಬೇರೆ, ನಮ್ಮವರ ಕೇರಿ ಬೇರೆ. ಊರಿನೊಳಗೆ ಹೋಗಬೇಕಾದರೆ ಯಾವ ಬೀದಿ ಹಿಡಿಯಬೇಕು, ಯಾವ ಬಾವಿಯನ್ನು ಮುಟ್ಟದೆ ಸುತ್ತಿ ಬಳಸಿಕೊಂಡು ಹೋಗಬೇಕು ಎಂಬುದನ್ನು ಅಕ್ಷರಕ್ಕೆ ಮೊದಲು ಕಲಿತವರು. ಒಂದು ದಿನ ತಲೆಯ ಮೇಲೆ ವಿಮಾನ ಹಾದುಹೋಯಿತಂತೆ. ಗುಡಿಯ ಮೇಲೂ ಹೋಯಿತು, ಬಾವಿಯ ಮೇಲೂ ಹೋಯಿತು, ನಮ್ಮ ಕೇರಿಯ ಮೇಲೂ ಹೋಯಿತು. ಎಲ್ಲಿಯೂ ಬಳಸಿಕೊಂಡು ಹೋಗಲಿಲ್ಲ.

"ಮೇಲಿರೋನಿಗೆ ಯಾವುದು ಊರು, ಯಾವುದು ಕೇರಿ? ಎಲ್ಲಾ ಒಂದೇ ಚಾಪೆ" ಎಂದು ಅಪ್ಪ ಅಂದಿನಿಂದ ಹೇಳುತ್ತ ಬಂದಿದ್ದರು. ನಮ್ಮವನೊಬ್ಬ ಮೇಲೆ ಹೋಗಿ, ನೋಡಿ, ಕೆಳಗಿಳಿದು ಬಂದು, ಹೌದು ಮೇಷ್ಟ್ರೇ, ಒಂದೇ ಚಾಪೆ ಎಂದು ಹೇಳಬೇಕು. ಅಷ್ಟೇ ಅವರ ಆಸೆ.

"ಅಪ್ಪ, ವಿಮಾನ ಬಳಸಿಕೊಂಡು ಹೋಗಲಿಲ್ಲ ಅಂದ್ರೆ ಅದಕ್ಕೆ ಜಾತಿ ಇಲ್ಲ ಅಂತಲ್ಲ, ಗೊತ್ತಿಲ್ಲ ಅಂತ. ಎರಡೂ ಬೇರೆ ಬೇರೆ" ಎಂದು ನಾನು ಹೇಳಿದ್ದುಂಟು.

"ನೀನು ಸುಮ್ನಿರೆ. ಫಲಕ ಬಂದ ಮಾತ್ರಕ್ಕೆ ಬುದ್ಧಿ ಬಂದಿರಲ್ಲ."

ಹೀಗಿರುವಾಗ ಕದಿರಪ್ಪ ಬಂದ. ಕದಿರಪ್ಪ ರೇಷ್ಮೆಗೂಡಿನ ವ್ಯಾಪಾರಿ. ಹಳ್ಳಿಹಳ್ಳಿ ಸುತ್ತುವಾಗ ಮದುವೆಗೆ ಬಂದ ಗಂಡು ಹೆಣ್ಣುಗಳನ್ನೂ ಗೂಡಿನಂತೆಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವನು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು.

"ಮೇಷ್ಟ್ರೇ, ಮೀಕು ತಗ್ಗ, ನಿಮಗೆ ತಕ್ಕ ಅಳಿಯ ಸಿಕ್ಕಿದಾನೆ! ವಿಮಾನಂ ಉದ್ಯೋಗಂ ಸಾರ್, ವಿಮಾನಂ! ಮೇಲಿಂದ ಲೇಸರ್ ಬಿಡೋದು, ನೆಲ ಎಷ್ಟೆತ್ತರ ಅಂತ ಕೆಳಗೆ ಇಳೀದೇನೇ ತಿಳ್ಕೊಂಡ್ಬಿಡೋದು. ಅಂತಾ ಗಾಲ್ಲೋನೇ!"

ಎಲ್ಲ ಗಾಳಿಯಲ್ಲೇ ಎಂಬುದು ಕದಿರಪ್ಪನ ಮಾತುಗಳ ಬಗ್ಗೆ ನನಗೆ ಮೊದಲಿಂದಲೂ ಇದ್ದ ಅಭಿಪ್ರಾಯ. ಆದರೆ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿಕೊಂಡರೆಂದರೆ ನಿರ್ಧಾರ ಆಯಿತೆಂದೇ ಅರ್ಥ.

ಹೆಣ್ಣು ನನ್ನ ಅಕ್ಕ ಸುಜಾತ, ಗೌರಿಬಿದನೂರಿನ ಹತ್ತಿರ ಪ್ರೈಮರಿ ಸ್ಕೂಲು ಟೀಚರು. ಅವಳಿಗೆ ಎತ್ತರವೆಂದರೆ ಆಗದು. ಅಟ್ಟದ ಡಬ್ಬ ತೆಗೆಯಲು ಸ್ಟೂಲು ಹತ್ತಿದರೆ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ ಡಬ್ಬ ತರುವವಳು. ನಮ್ಮ ಮನೆಯಲ್ಲಿ ಉಪ್ಪಿಟ್ಟು ಮಾಡಬೇಕೆಂದಿದ್ದ ದಿನ ಅವಲಕ್ಕಿ ತಿಂದದ್ದಕ್ಕೆ ಇದೇ ಕಾರಣ. ಅಂಥವಳಿಗೆ ವಿಮಾನದ ಗಂಡ. ಹಿತ್ತಲಲ್ಲಿ ಬಟ್ಟೆ ಹರವುತ್ತಾ ನನ್ನ ಕೈ ಹಿಡಿದುಕೊಂಡಳು.

"ಲೇ, ಅವರು ದಿನಾ ಮೇಲೆ ಹೋಗೋದು, ನಾನು ದಿನಾ ಇಲ್ಲಿ ಹೊಟ್ಟೇಲಿ ಕಲ್ಲು ಇಟ್ಕೊಂಡು ಕೂರೋದು, ನನ್ನ ಕೈಲಾಗಲ್ಲ ಕಣೇ. ಅಪ್ಪನಿಗೆ ಹೇಳೋ ಧೈರ್ಯ ನಂಗಿಲ್ಲ. ನೀನು ಹೆಂಗೂ ಬಾಯಿಬಡುಕಿ. ಏನಾದ್ರೂ ಕೇಳಿ ಕೇಳಿ ಇದನ್ನ ಮುರಿದುಹಾಕು."

ಚೀಟಿ ಬಂದಾಯಿತು. ವಿಷಯ: ಈ ವರ ಬೇಡ. ನನ್ನ ಪಕ್ಷ: ಪರ.

ಗಂಡಿನ ಕಡೆಯವರು ಬಂದರು. ವರನ ತಾಯಿ ಒಳಗೆ ಬಂದು ಕೂತರು, ಕದಿರಪ್ಪ ಬಂದು ಕೂತ. ವರ ಬಾಗಿಲ ಹತ್ತಿರ ನಿಂತಿದ್ದರು. ಉದ್ದನೆಯ ಆಳು, ಬಿಸಿಲಿಗೆ ಸುಟ್ಟ ಮೂಗು, ಕಂಕುಳಲ್ಲಿ ದೊಡ್ಡದೊಂದು ಕಪ್ಪು ಛತ್ರಿ. ಕರೆಯಲಿ ಎಂದು ಕಾಯುತ್ತಿದ್ದಾರೆಂದು ಅಮ್ಮ ಮೂರು ಸಲ ಕರೆದಳು. ಸುಮ್ಮನೆ ನಿಂತಿದ್ದರಂತೆ, ಅಷ್ಟೆ. ನಿಲ್ಲುವುದಕ್ಕೆ ಅವರಿಗೆ ಕಾರಣ ಬೇಕಾಗಿರಲಿಲ್ಲ.

ಕೂತ ಮೇಲೆ ನಾನು ಶುರುಮಾಡಿದೆ. "ವಿಮಾನದಲ್ಲಿ ಕೂತು ನೆಲದ ಎತ್ತರ ಹೆಂಗೆ ಗೊತ್ತಾಗುತ್ತೆ ಸಾರ್?"

ಅವರು ನನ್ನನ್ನೇ ನೋಡಿದರು. ಅಮ್ಮ ಕೆಮ್ಮಿದಳು. ಕದಿರಪ್ಪ ಅವರ ತೊಡೆ ಚಿವುಟಿ, "ಚೆಪ್ಪಯ್ಯಾ!" ಎಂದ. ಎದುರಾಳಿ ತಡಬಡಾಯಿಸುತ್ತಿದ್ದಾನೆಂದು ನಾನು ಒಳಗೊಳಗೇ ಅಂಕ ಹಾಕಿಕೊಳ್ಳುತ್ತಿದ್ದೆ. ಆಗ ನಿಧಾನವಾಗಿ ಮಾತು ಬಂತು.

"ಬೆಳಕು ಬಿಡ್ತಾರಮ್ಮ. ನೆಲಕ್ಕೆ ತಾಕಿ ವಾಪಸ್ ಬರುತ್ತೆ. ಬರೋಕೆ ಎಷ್ಟು ಹೊತ್ತು ತಗೊಳ್ತು ಅಂತ ನೋಡ್ತಾರೆ. ಬೇಗ ಬಂದ್ರೆ ನೆಲ ಎತ್ತರ. ತಡ ಆದ್ರೆ ತಗ್ಗು."

"ನಡುವೆ ಮರ ಇದ್ರೆ? ಮರದ ತುದೀನೇ ನೆಲ ಅಂತ ಬರ್ಕೊಂಡು ಬರ್ತೀರಾ?"

ಅವರ ಮುಖ ಅರಳಿತು. ಹೆಣ್ಣು ನೋಡಲು ಬಂದ ಗಂಡಿನ ಮುಖ ಹೆಣ್ಣು ಬರುವ ಮೊದಲೇ ಹಾಗೆ ಅರಳಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. "ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಹಿಡಿ ಸಾಸಿವೆ, ಒಂದು ತಟ್ಟೆ ಸಿಗುತ್ತಾ ಅಮ್ಮ?" ಎಂದರು.

ಅಮ್ಮ ಅಪ್ಪನ ಮುಖ ನೋಡುತ್ತಲೇ ತಂದುಕೊಟ್ಟಳು. ಅವರು ಎದ್ದು ನಿಂತು, ಎಡಗೈಯಲ್ಲಿ ತಟ್ಟೆಯ ಮೇಲೆ ಸೊಪ್ಪಿನ ಕಟ್ಟು ಹಿಡಿದು, ಬಲಗೈಯಿಂದ ಮೇಲಿನಿಂದ ಸಾಸಿವೆ ಉದುರಿಸಿದರು. ಕೆಲವು ಎಲೆಯ ಮೇಲೆ ನಿಂತವು. ಕೆಲವು ದಂಟಿನ ಸಂದಿಯಲ್ಲಿ ಸಿಕ್ಕಿಕೊಂಡವು. ಕೆಲವು ಟಿಣ್ ಟಿಣ್ ಎಂದು ತಟ್ಟೆಗೆ ಬಿದ್ದವು. ಉಳಿದವು ಸೋಫಾದ ಕೆಳಗೆ ಹೋದವು.

"ಮೊದಲು ವಾಪಸ್ ಬರೋದು ಎಲೆ. ಅದನ್ನ ನೆಲ ಅಂದ್ಕೊಬಾರ್ದು. ಸಂದೀಲಿ ತೂರ್ಕೊಂಡು ಹೋಗಿದ್ದು ಕಡೇಲಿ ಬರುತ್ತೆ. ಅದು ನೆಲ. ಕಾಯಬೇಕಷ್ಟೆ."

"ಆಡಪಿಲ್ಲನ್ನ ನೋಡಪ್ಪಾ ಅಂತ ಕರ್ಕೊಂಡು ಬಂದ್ರೆ ಸೊಪ್ಪು ನೋಡ್ತಾನಲ್ಲಪ್ಪೋ" ಎಂದು ಕದಿರಪ್ಪ ಹಣೆ ಚಚ್ಚಿಕೊಂಡ.

ನಾನು ಬಿಡಲಿಲ್ಲ. "ಸಮುದ್ರದ ಪಕ್ಕದ ನೆಲ ಅಳೆದು ಯಾರಿಗೇನಾಗಬೇಕು?"

"ನೋಡೋಕೆ ಚಪಾತಿ ಥರ ಇರುತ್ತಮ್ಮ. ಆದ್ರೆ ತುಫಾನು ಬಂದ ದಿನ, ಒಂದು ಗೇಣು ಎತ್ತರದಲ್ಲಿದ್ದೋನು ಮಂಚದ ಮೇಲೆ ಕೂತು ಬಚಾವಾಗ್ತಾನೆ. ಒಂದು ಗೇಣು ತಗ್ಗಲ್ಲಿದ್ದೋನು ಮಂಚದ ಸಮೇತ ಹೋಗ್ತಾನೆ. ಆ ಗೇಣು ಎಲ್ಲಿದೆ ಅಂತ ಹುಡುಕೋದು."

ನಾನು ಮುಂದಿನ ಪ್ರಶ್ನೆ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಪ್ಪ ಕುರ್ಚಿಯ ತುದಿಗೆ ಬಂದು, ಶಾಲೆಯಲ್ಲಿ ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ ಕೇಳಿದರು: "ಮೇಲಿಂದ ನೋಡಿದ್ರೆ ಹೆಂಗೆ ಕಾಣುತ್ತಪ್ಪ? ಊರು, ಕೇರಿ, ಎಲ್ಲಾ ಒಂದೇ ಥರ ಕಾಣುತ್ತಾ?"

ಅಡಿಗೆಮನೆಯ ಬಾಗಿಲ ಹಿಂದೆ ಅಕ್ಕನ ಬಳೆಯ ಸದ್ದು ನಿಂತಿತು.

"ಗೊತ್ತಿಲ್ಲ ಮಾಮ. ನಾನು ಹತ್ತಿಲ್ಲ."

"ಏನು ಹತ್ತಿಲ್ಲ?"

"ವಿಮಾನ."

ಕದಿರಪ್ಪನ ಕಾಫಿ ಗಂಟಲಿಗೆ ಹತ್ತಿತು. ನಾನು, ಗೆದ್ದೆ ಎಂದುಕೊಂಡು, ಕೊನೆಯ ಪ್ರಶ್ನೆ ಹಾಕಿದೆ. "ಹಾಗಾದ್ರೆ ಆ ಕಂಪನೀಲಿ ನೀವು ಮಾಡೋದೇನು?"

"ಕೆಳಗೆ ನಿಂತಿರ್ತೀನಿ."

ಆಮೇಲೆ ವಿವರಿಸಿದರು. ಮೇಲೆ ಹಾರುವ ವಿಮಾನ ಅತ್ತಿತ್ತ ವಾಲುತ್ತದೆ, ಏರುತ್ತದೆ, ಇಳಿಯುತ್ತದೆ. ತಾನು ಎಲ್ಲಿದ್ದೇನೆ ಎಂಬುದೇ ಅದಕ್ಕೆ ಸರಿಯಾಗಿ ತಿಳಿಯದು. ಇನ್ನು ನೆಲ ಎಲ್ಲಿದೆ ಎಂದು ಏನು ಹೇಳೀತು? ಆದ್ದರಿಂದ ಕೆಳಗೆ, ಮೊದಲೇ ಎತ್ತರ ಗೊತ್ತಿರುವ ಒಂದು ಗುರುತಿನ ಕಲ್ಲಿನ ಮೇಲೆ, ಮುಕ್ಕಾಲಿ ನಿಲ್ಲಿಸಿ, ಅದರ ತಲೆಯ ಮೇಲೆ ಮುಚ್ಚಿದ ಬೋಗುಣಿಯಂಥ ಯಂತ್ರ ಇಟ್ಟು ಒಬ್ಬ ಕಾಯುತ್ತಿರಬೇಕು. ಇಲ್ಲಿನ ಲೆಕ್ಕ, ಅಲ್ಲಿನ ಲೆಕ್ಕ ತಾಳೆ ನೋಡಿದರೇನೇ ವಿಮಾನ ಎಲ್ಲಿತ್ತು ಎಂದು ತಿಳಿಯುವುದು.

"ಮೇಲಿರೋನಿಗೆ ತಾನೆಲ್ಲಿದೀನಿ ಅಂತ ಗೊತ್ತಾಗಬೇಕಾದ್ರೆ ಕೆಳಗೆ ಒಬ್ಬ ಅಲ್ಲಾಡದೆ ನಿಂತಿರಬೇಕು ಮಾಮ."

"ಅಲ್ಲಾಡಬಾರದ್ದು ಮುಕ್ಕಾಲಿ ತಾನೆ?" ಎಂದೆ ನಾನು. "ನೀವ್ಯಾಕೆ ಅಲ್ಲಾಡಲ್ಲ?"

"ಅದಕ್ಕೆ ಬೇಜಾರಾಗಬಾರ್ದಲ್ಲಮ್ಮ."

ಅಪ್ಪ ಎದ್ದರು. "ಆಗಲ್ಲ. ವಿಮಾನದೋರು ಅಂತ ಹೇಳಿ ಛತ್ರಿಯೋರನ್ನ ಕರ್ಕೊಂಡು ಬಂದಿದೀಯಲ್ಲ ಕದಿರಪ್ಪ! ಈ ಸಂಬಂಧ ಆಗಲ್ಲ" ಎಂದು ಹಿತ್ತಲಿಗೆ ಹೋದರು. ಕದಿರಪ್ಪ ಎದ್ದ. ವರನ ತಾಯಿಯೂ ಎದ್ದರು. ವರ ಮಾತ್ರ ತಟ್ಟೆಗೆ ಬಿದ್ದ ಸಾಸಿವೆಯನ್ನು ಒಂದೊಂದಾಗಿ ಬೆರಳ ತುದಿಯಿಂದ ಒತ್ತಿ ಎತ್ತುತ್ತಾ ಕೂತೇ ಇದ್ದರು.

"ಏಳಯ್ಯಾ, ಮೇಷ್ಟ್ರು ಬೇಡ ಅಂದ್ರಲ್ಲ!" ಎಂದ ಕದಿರಪ್ಪ.

"ಇರು ಮಾಮ. ಅದು ಮೊದಲು ಬಂದದ್ದು, ಎಲೆ."

ಅಪ್ಪ ಕನ್ನಡಕ ಮರೆತಿದ್ದರು. ವಾಪಸು ಬಂದರು, ಇವರು ಕೂತದ್ದು ಕಂಡು ಹೋದರು. ಪೇಪರಿಗೆ ಬಂದರು, ಹೋದರು. ಏನೂ ನೆಪ ಇಲ್ಲದೆಯೂ ಒಮ್ಮೆ ಬಂದರು. ಆಗ ಅಡಿಗೆಮನೆಯ ಬಾಗಿಲು ತೆರೆದು ಅಕ್ಕ ಈಚೆ ಬಂದಳು, ಯಾರೂ ಕರೆಯದೆ, ಕಾಫಿ ತಟ್ಟೆಯೂ ಇಲ್ಲದೆ.

"ಅಪ್ಪ, ನಂಗೆ ಇವರೇ ಆಗಬಹುದು."

"ಕೆಳಗೆ ನಿಂತಿರೋನೇ?"

"ಕೆಳಗೆ ನಿಂತಿರೋದಕ್ಕೇ ಅಪ್ಪ."

ನಾನು ಅಕ್ಕನನ್ನು ದುರುಗುಟ್ಟಿ ನೋಡಿದೆ. ಚೀಟಿ ಬಂದ ಪಕ್ಷದಲ್ಲಿ ನಿಂತು ನಾನು ಗೆದ್ದಿದ್ದೆ. ಚೀಟಿ ಕೊಟ್ಟವಳೇ ಪಕ್ಷ ಬದಲಾಯಿಸಿದ್ದಳು. ಯಾವ ಚರ್ಚಾಸ್ಪರ್ಧೆಯ ನಿಯಮದಲ್ಲೂ ಇದಕ್ಕೆ ಅವಕಾಶವಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕಡೆಗೆ ಒಂದು ಷರತ್ತು ಹಾಕಿದರು: "ಒಂದೇ ಒಂದು ಸಲ ಹತ್ತಬೇಕು. ಹತ್ತಿ, ನೋಡಿ, ಬಂದು ನನಗೆ ಹೇಳಬೇಕು. ಒಪ್ಪಿಗೆಯಾ?"

ವರ ಎದ್ದು ನಿಂತರು. ಎಂದಿನಂತೆ ತಡಮಾಡಿದರು. "ಹತ್ತೀನಿ ಮಾಮ."

ಮದುವೆಯಾಯಿತು. ಸೋಫಾದ ಕೆಳಗಿನ ಸಾಸಿವೆ ಅಮ್ಮನಿಗೆ ವರ್ಷಗಟ್ಟಲೆ ಸಿಗುತ್ತಲೇ ಇತ್ತು.

ಮಳೆಗಾಲದಲ್ಲಿ ಮೋಡ ಕವಿದರೆ ಆ ವಿಮಾನ ಹಾರದು. ಆದ್ದರಿಂದ ಪ್ರತಿ ಮಳೆಗಾಲ ಭಾವ ಶಿಡ್ಲಘಟ್ಟದ ನಮ್ಮ ಮನೆಗೆ ಬಂದು ನಿಲ್ಲುತ್ತಿದ್ದರು. 'ನಿಲ್ಲುತ್ತಿದ್ದರು' ಎಂಬುದನ್ನು ಇದ್ದ ಹಾಗೇ ಓದಿಕೊಳ್ಳಿ. ಬೆಳಿಗ್ಗೆ ಹಲ್ಲುಪುಡಿ ಹಿಡಿದು ನುಗ್ಗೆಮರದ ಕೆಳಗೆ ನಿಂತರೆಂದರೆ ಪಕ್ಕದ ಮನೆಯ ಮೇಕೆ ಬಂದು ಅವರ ಕಾಲಿಗೆ ಒರಗಿ ಕತ್ತು ಉಜ್ಜಿಕೊಳ್ಳುತ್ತಿತ್ತು. ಅದಕ್ಕೆ ಬೇಲಿಯಿತ್ತು, ಗೋಡೆಯಿತ್ತು, ಮರವೇ ಇತ್ತು. ಭಾವನೇ ಬೇಕು. ಅವರು ಬಾಯಿ ಮುಕ್ಕಳಿಸಲೂ ಅಲ್ಲಾಡದೆ, ಮೇಕೆಯ ಕೆಲಸ ಮುಗಿಯುವವರೆಗೆ ಬಾಯಿ ತುಂಬ ಕಪ್ಪು ನೊರೆ ಇಟ್ಟುಕೊಂಡು ನಿಂತಿರುತ್ತಿದ್ದರು.

ಬಸ್ ನಿಲ್ದಾಣದ ಎಸ್.ಟಿ.ಡಿ. ಬೂತಿನವನಿಗೆ ಅವರನ್ನು ಕಂಡರೆ ಪ್ರಾಣ. ಬೇರೆಯವರು ಮೀಟರಿಗೆ ಹೆದರಿ ಅರ್ಧ ಮಾತು ನುಂಗಿ ಫೋನು ಇಡುತ್ತಿದ್ದರೆ ಭಾವ ಆ ಕಡೆಯವರ ಮಾತು ಮುಗಿದ ಮೇಲೂ, ಇನ್ನೇನಾದರೂ ಬರುವುದಿದೆಯೋ ಎಂದು, ಕಿವಿಗಿಟ್ಟುಕೊಂಡು ಕಾಯುತ್ತಿದ್ದರು. "ಬರುತ್ತೆ ಲಾಯರಮ್ಮ," ಎನ್ನುತ್ತಿದ್ದರು ನನಗೆ. ಲಾಯರಮ್ಮ ಎಂಬುದು ಅವರು ನನಗಿಟ್ಟ ಹೆಸರು. "ಜನ 'ಸರಿ ಇಡ್ತೀನಿ' ಅಂದ ಮೇಲೇ ನಿಜವಾದ ವಿಷಯ ಹೇಳೋದು."

ಇದೊಂದು ವಾದವೇ ಅಲ್ಲ ಎಂದು ನಾನು ಅವರಿಗೆ ಅನೇಕ ಸಲ ಹೇಳಿದೆ. ಮನುಷ್ಯರು ಕೊತ್ತಂಬರಿ ಸೊಪ್ಪಲ್ಲ. ಮೊದಲ ಮಾತೇ ನಿಜವಿರಬಹುದು, ಕೊನೆಯ ಮಾತು ಬರೀ ದಾಕ್ಷಿಣ್ಯವಿರಬಹುದು. ಅವರು ತಲೆಯಾಡಿಸಿ, ಆಮೇಲೆ ಕೇದಗೆ ಗುಡ್ಡದ ಕಥೆ ಹೇಳಿದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚಪಾತಿಯಂಥ ಕರಾವಳಿಯ ನಡುವೆ ಒಂದು ಗುಡ್ಡ ನಕ್ಷೆಯಲ್ಲಿ ಮೂಡಿತಂತೆ. ತುಫಾನಿನ ಆಸರೆಮನೆ ಕಟ್ಟಲು ಇದಕ್ಕಿಂತ ಜಾಗ ಬೇಕೆ? ಸುತ್ತಲ ಬೆಸ್ತರು ಅಲ್ಲಿ ಗುಡ್ಡವೇ ಇಲ್ಲ ಅಂದರು. ಭಾವ ನಕ್ಷೆ ತೋರಿಸಿ, ಇದೆ ಅಂದರು. "ಲೇಸರ್ ಸುಳ್ಳು ಹೇಳಲ್ಲ ಅಂತ ಎದೆ ತಟ್ಟಿಕೊಂಡು ಹೇಳಿಬಿಟ್ಟೆ ಲಾಯರಮ್ಮ. ನಿನ್ನ ಥರಾನೇ." ನೋಡಿಯೇಬಿಡೋಣ ಎಂದು ಗುಡ್ಡ ಹತ್ತಲು ಹೋದರೆ ಎದುರಿಗೆ ಕೇದಗೆಯ ಪೊದೆ. ಬೆಳಕೂ ತೂರದಷ್ಟು ದಟ್ಟ. ಕೊನೆಗೆ ವಾಪಸು ಬಂದ ಬೆಳಕು ಕೂಡ ಎಲೆಯ ಮೇಲಿಂದಲೇ ಬಂದಿತ್ತು. ಛಲ ಬಿಡದೆ ಭಾವ ಒಳಗೆ ನುಗ್ಗಿದರು. ಮುಳ್ಳು ಸಿಕ್ಕಿ, ಹಿಂದಕ್ಕೂ ಬರಲಾಗದೆ, ಮುಂದಕ್ಕೂ ಹೋಗಲಾಗದೆ ನಿಂತರು. ಬೆಸ್ತ ಹೆಂಗಸರು ಮಚ್ಚು ತಂದು ಕಡಿದು ಈಚೆಗೆ ಎಳೆದರು. "ಏಮಯ್ಯಾ, ಕೊಂಡ ಎಕ್ಕಿನಾವಾ? ಗುಡ್ಡ ಹತ್ತಿದ್ಯಾ?" ಎಂದು ಮೂರು ವರ್ಷ ಕೇಳಿದರಂತೆ.

"ಹಾಗಾದ್ರೆ ನಿಮ್ಮ ಸಿದ್ಧಾಂತ ಬಿತ್ತಲ್ಲ!" ಎಂದೆ ನಾನು, ಖುಷಿಯಿಂದ.

"ಬಿತ್ತು," ಎಂದರು. ನಾನು ಎದ್ದು ಹೋಗಿ, ಊಟ ಮಾಡಿ, ತಟ್ಟೆ ತೊಳೆದಿಟ್ಟು ಬಂದ ಮೇಲೆ ಉಳಿದದ್ದನ್ನು ಹೇಳಿದರು: "ಅದಕ್ಕೇ ಹೋಗಿ ನೋಡಬೇಕು."

ಅದೇ ಹೆಂಗಸರು ಅವರ ಮುಕ್ಕಾಲಿಗೆ ಅರಿಸಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದ್ದರು. ಬಿಸಿಲಲ್ಲಿ ದಿನವಿಡೀ ಛತ್ರಿ ಹಿಡಿದು ಒಬ್ಬ ಮನುಷ್ಯ ಅಲ್ಲಾಡದೆ ಕಾಯುತ್ತಾನೆಂದರೆ ಅದು ಶಕ್ತಿಯುಳ್ಳ ದೇವರೇ ಇರಬೇಕೆಂದು ಅವರ ತರ್ಕ. ತರ್ಕದಲ್ಲಿ ತಪ್ಪಿಲ್ಲ, ಆಧಾರವಾಕ್ಯದಲ್ಲಿದೆ. "ನಾವು ಬುದ್ಧನ ಕಡೆಯೋರು. ನನ್ನನ್ನ ಮೂರು ಕಾಲಿನ ದೇವರಿಗೆ ಪೂಜಾರಿ ಮಾಡ್ಬಿಟ್ರು ಮಾಮ" ಎಂದು ಅಪ್ಪನಿಗೆ ಹೇಳಿ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. "ಹತ್ತಿದ್ಯಾ?" ಎಂದು ಕೇಳುತ್ತಿದ್ದರು. ಪ್ರತಿ ಮಳೆಗಾಲ, ಚಪ್ಪಲಿ ಬಿಡುವ ಮೊದಲೇ, ಅದೊಂದೇ ಪ್ರಶ್ನೆ.

"ಇಲ್ಲ ಮಾಮ. ನಾನು ಹತ್ತಿದ್ರೆ ಕೆಳಗೆ ಯಾರು ನಿಲ್ತಾರೆ?"

ಒಂದು ವರ್ಷ ಮಾತ್ರ ಭಾವ ಬಾಗಿಲಲ್ಲಿ ಛತ್ರಿ ಮಡಚುತ್ತಾ, ಕೇಳುವ ಮೊದಲೇ, "ಹತ್ತಿದೆ ಮಾಮ" ಎಂದರು. ಅವರ ಜೀವನದಲ್ಲೇ ಪ್ರಶ್ನೆಗಿಂತ ಮುಂಚೆ ಬಂದ ಉತ್ತರ ಅದೊಂದೇ.

ಕೆಳಗೆ ನಿಲ್ಲಲು ಹೊಸಬನೊಬ್ಬ ಸಿಕ್ಕಿದ್ದನಂತೆ. ಪೈಲಟು ಕರೆದು ಕೂರಿಸಿಕೊಂಡನಂತೆ. ಅಪ್ಪ ಬೆತ್ತ ಎತ್ತಿ ಒಳಗಿಟ್ಟರು. ಪಕ್ಕದ ಮನೆಯವರನ್ನು ಕರೆದರು. ಕದಿರಪ್ಪನಿಗೆ ಹೇಳಿ ಕಳಿಸಿದರು. ಹೊಸ ಪಂಚೆ ಉಟ್ಟುಕೊಂಡು ಕುರ್ಚಿಯಲ್ಲಿ ಕೂತು, "ಹೇಳಪ್ಪ. ಹೆಂಗೆ ಕಾಣ್ತು?" ಎಂದರು.

ಭಾವ ನಿಂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. 'ಒಂದೇ ಚಾಪೆ' ಎಂಬ ಎರಡು ಪದ ಸಾಕಿತ್ತು. ಸುಳ್ಳೆಂದು ಸಾಬೀತು ಮಾಡಲು ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮೋಡ, ಗಾಳಿ, ಮನುಕುಲ ಎಲ್ಲವನ್ನೂ ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

"ಕಣ್ಣು ಮುಚ್ಕೊಂಡಿದ್ದೆ ಮಾಮ" ಎಂದರು ಭಾವ.

"ಏನು?"

"ಹತ್ತಿದಾಗಿಂದ ಇಳಿಯೋ ತನಕ. ಒಂದು ಕೈಲಿ ಸೀಟು, ಒಂದು ಕೈಲಿ ಕವರು. ಬೆಳಿಗ್ಗೆ ತಿಂದಿದ್ದ ದೋಸೆ…"

"ಥೂ!" ಎಂದರು ಅಪ್ಪ. ಕದಿರಪ್ಪ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡ. ಅಕ್ಕ ಮಾತ್ರ ಗಂಡನನ್ನು ಎಂದೂ ನೋಡದಷ್ಟು ಪ್ರೀತಿಯಿಂದ ನೋಡುತ್ತಿದ್ದಳು. ಸ್ಟೂಲಿನ ಮೇಲೆ ತಾನು ಒಬ್ಬಳೇ ಅಲ್ಲವೆಂದು ಅವಳಿಗೆ ಅಂದು ಗೊತ್ತಾಗಿತ್ತು.

ಅಪ್ಪ ಬಯ್ದರು. ಸಾಕಾಗುವವರೆಗೂ ಬಯ್ದರು. ಭಾವ ಕಾಯುತ್ತಿದ್ದರು. ಬಯ್ಗುಳ ಮುಗಿಯಿತು, ಬಂದವರು ಎದ್ದು ಹೋದರು, ಆಮೇಲೂ ಕಾಯುತ್ತಿದ್ದರು. ಕಡೆಗೆ ಅಪ್ಪ ತಗ್ಗಿದ ದನಿಯಲ್ಲಿ ಕೇಳಿದರು: "ಬಹಳ ಹೆದರಿಕೆ ಆಯ್ತೇನೋ?"

"ಆಯ್ತು ಮಾಮ."

"ಕೂತ್ಕೋ. ನೀರು ಕುಡಿ."

ಆಗ ಭಾವ ಚೀಲದೊಳಗೆ ಸುತ್ತಿಟ್ಟಿದ್ದ ದೊಡ್ಡ ಹಾಳೆಯೊಂದನ್ನು ತೆಗೆದು ನೆಲದ ಮೇಲೆ ಹಾಸಿದರು. ತಾವು ನೋಡಲಿಲ್ಲ, ಲೇಸರ್ ನೋಡಿತು ಎಂದರು. ಕರಾವಳಿಯ ಒಂದು ಹಳ್ಳಿಯ ನಕ್ಷೆ ಅದು. ಎತ್ತರದ ನೆಲಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ತಗ್ಗಿಗೆ ನೀಲಿ. ಮನೆ ಮರಗಳನ್ನೆಲ್ಲ ಕಳೆದು ಬರೀ ನೆಲ.

ಅಪ್ಪ ಮಂಡಿಯೂರಿ ಬಗ್ಗಿದರು. "ಇದರಲ್ಲಿ ಊರೆಲ್ಲಿ? ಕೇರಿಯೆಲ್ಲಿ? ಗೊತ್ತಾಗೋದೇ ಇಲ್ಲ ನೋಡು!" ಎಂದು ಆಸೆಯಿಂದ ನನ್ನ ಮುಖ ನೋಡಿದರು.

ಭಾವ ಬೆರಳಿಟ್ಟರು. "ಇದು ಊರು. ಇದು ಕೇರಿ." ಊರು ಕೆಂಪು ಹಳದಿಯಲ್ಲಿತ್ತು. ಕೇರಿ ನೀಲಿಯಲ್ಲಿತ್ತು.

"ಬೇರೆ ಹಳ್ಳಿಗಳಲ್ಲಿ?"

"ನಾನು ನೋಡಿದ ಹಾಳೆಗಳಲ್ಲೆಲ್ಲಾ ನಮ್ಮ ಕೇರಿ ನೀಲೀಲೇ ಮಾಮ. ನೀರು ಮೊದಲು ಬರೋ ಜಾಗಾನೇ ನಮಗೆ ಕೊಟ್ಟಿರೋದು. ಕೆಳಗೆ ನಿಂತ್ರೆ ಗೊತ್ತಾಗಲ್ಲ, ಎಲ್ಲಾ ಚಪಾತಿ. ಮೇಲಿಂದ ನೋಡಿದ್ರೇ ಗೊತ್ತಾಗೋದು."

ಅಪ್ಪ ಆ ನೀಲಿಯನ್ನು ಅಂಗೈಯಿಂದ ಒಮ್ಮೆ ಸವರಿದರು. ಚಿಕ್ಕಂದಿನಿಂದ ಹಿಡಿದುಕೊಂಡು ಬಂದ ವಾದ ಅದು. ಅದು ಬಿದ್ದದ್ದನ್ನು ನಾನು ನೋಡಿದೆ. ನನಗೆ ಖುಷಿಯಾಗಲಿಲ್ಲ, ಇದನ್ನು ದಾಖಲಿಸುತ್ತೇನೆ, ಏಕೆಂದರೆ ಯಾರ ವಾದ ಬಿದ್ದರೂ ನನಗೆ ಖುಷಿಯಾಗುತ್ತದೆ.

"ಇದನ್ನ ಮೇಲಿನ ಅಧಿಕಾರಿಗಳಿಗೆ ತೋರಿಸಿದೀರಾ?" ಎಂದು ಕೇಳಿದೆ.

"ತೋರಿಸಿದೀವಿ. ಕೇರಿಯಿಂದ ಆಸರೆಮನೆಗೆ ಹೋಗೋ ದಾರೀನೂ ನೀಲಿ. ಅದನ್ನ ಎತ್ತರ ಮಾಡಿಸ್ತೀವಿ ಅಂದಿದಾರೆ."

"ಅಂದಿದಾರೆ. ಅಷ್ಟೇನಾ?"

"ಅಷ್ಟೇ. ಸದ್ಯಕ್ಕೆ ಎಲೆ ಲಾಯರಮ್ಮ. ಹೋಗಿ ಹೋಗಿ ಕೇಳ್ತಾ ಇದೀನಿ."

ಅಪ್ಪ ಎದ್ದು ನಿಂತರು. "ಸುತ್ತಿಗೆ, ಮೊಳೆ ತಗೊಂಬಾರೆ" ಎಂದರು ನನಗೆ. ಬುದ್ಧನ ಪಟದ ಪಕ್ಕದಲ್ಲೇ ಆ ಹಾಳೆಯನ್ನು ತಾವೇ ಹೊಡೆದರು. "ಇಷ್ಟು ದಿನ ಬಾಯಲ್ಲಿ ಹೇಳಿದ್ರೆ 'ಎಲ್ರಯ್ಯ ಇದೆ ಈಗ ಜಾತಿಗೀತಿ ಅದೆಲ್ಲಾ?' ಅಂತಿದ್ರು. ಇನ್ನು ಮೇಲೆ ಹೇಳಲಿ, ನೋಡಣ." ಆಮೇಲೆ ಮನೆಗೆ ಬಂದವರಲ್ಲಿ ಕೆಲವರು ಅದನ್ನು ರಂಗೋಲಿ ಎಂದುಕೊಂಡರು, ಕದಿರಪ್ಪ ಹಿಪ್ಪುನೇರಳೆ ಎಲೆಯ ರೋಗದ ಪಟ ಎಂದುಕೊಂಡ. ಅಪ್ಪ ಪ್ರತಿಯೊಬ್ಬರನ್ನೂ ನಿಲ್ಲಿಸಿ, ಬೆತ್ತದ ತುದಿಯನ್ನು ನೀಲಿಯ ಮೇಲಿಟ್ಟು, ಪಾಠ ಮಾಡಿದರು. ಬೆತ್ತಕ್ಕೆ ಇಷ್ಟು ಒಳ್ಳೆಯ ಉಪಯೋಗ ಅದಕ್ಕೆ ಮೊದಲು ಆಗಿರಲಿಲ್ಲ.

ಆ ಕರಾವಳಿಯ ಕೆಲಸ ಮುಗಿಯಿತು. ವಿಮಾನ ಬೇರೆ ಕಡಲಿಗೆ ಹೊರಟಿತು, ಬಹಳ ದೂರ, ಮಳೆಗಾಲಕ್ಕೆಂದು ಬಂದು ಹೋಗಲಾಗದಷ್ಟು ದೂರ. ಅಕ್ಕ ರಜೆ ಹಾಕಿ ಜೊತೆಗೆ ಹೊರಟಳು. ಬಸ್ ನಿಲ್ದಾಣಕ್ಕೆ ಬಿಡಲು ನಾನು ಹೋದೆ.

"ಭಾವ, ಆ ದಾರಿ ಎತ್ತರ ಮಾಡಿದ್ರಾ?" ಎಂದು ಕೇಳಿದೆ. ಬಸ್ಸು ಬಂತು. ಸಾಮಾನು ಏರಿತು, ಅಕ್ಕ ಕಿಟಕಿಯ ಪಕ್ಕ ಕೂತಳು, ಕಂಡಕ್ಟರು ಸೀಟಿ ಊದಿದ. ನಾನು ಬಸ್ಸಿನ ಪಕ್ಕದಲ್ಲಿ ನಡೆಯುತ್ತಾ, ಆಮೇಲೆ ಓಡುತ್ತಾ ಹೋದೆ. ಕಿಟಕಿಯಿಂದ ಛತ್ರಿಯ ಹಿಡಿ ಈಚೆ ಬಂತು, ಆಮೇಲೆ ಭಾವನ ತಲೆ.

"ಅರ್ಧ ಆಗಿದೆ ಲಾಯರಮ್ಮ! ಇನ್ನರ್ಧಕ್ಕೆ ನೀನು ಬರೀತಾ ಇರು, ಬಿಡಬೇಡ!"

ಬರೆಯುತ್ತಿದ್ದೇನೆ. ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತಿದ್ದೇನೆ.

ಅವರು ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಬಂದಾಗ ಪಕ್ಕದ ಮನೆಯ ಮೇಕೆ ಆಗಲೇ ಬಂದಿತ್ತು. ನುಗ್ಗೆಮರದ ಕೆಳಗೆ ಹೋಯಿತು, ಅಭ್ಯಾಸಬಲದಿಂದ ಬಲಕ್ಕೆ ಒರಗಿತು, ಒರಗಲು ಏನೂ ಇಲ್ಲದೆ ಮುಗ್ಗರಿಸಿ, ಸಾವರಿಸಿಕೊಂಡು, ನನ್ನಿಂದಲೇ ತಪ್ಪಾಯಿತೆಂಬಂತೆ ನನ್ನನ್ನು ನೋಡಿತು. ನಾನು ಹೋಗಿ ಆ ಜಾಗದಲ್ಲಿ ನಿಂತೆ. ಅದು ಮೂಸಿ ನೋಡಿ ದೂರ ಸರಿಯಿತು. ಒಪ್ಪಿಗೆಯಿಲ್ಲ.

ಅಷ್ಟರಲ್ಲಿ ಮೇಲೆ ಸದ್ದಾಯಿತು. ಬೆಂಗಳೂರಿನ ಕಡೆಗೆ ವಿಮಾನವೊಂದು ಹೋಗುತ್ತಿತ್ತು. ಅಪ್ಪ ಈಚೆ ಬಂದು, ಹಣೆಗೆ ಕೈ ಅಡ್ಡ ಇಟ್ಟು, ಅದು ಮರೆಯಾಗುವ ತನಕ ನೋಡಿದರು. ಮೇಲಿರೋನಿಗೆ ಎಲ್ಲಾ ಒಂದೇ ಚಾಪೆ ಎಂಬ ಹಳೆಯ ಮಾತಿಗಾಗಿ ನಾನು ಕಾದೆ.

"ಇವನಿಗೋಸ್ಕರ ಕೆಳಗೆ ಯಾರು ನಿಂತಿದಾನೋ, ಪಾಪ" ಎಂದರು ಅಪ್ಪ.

ಜನರನ್ನು ಸಾಗಿಸುವ ವಿಮಾನಕ್ಕೆ ಕೆಳಗೆ ಛತ್ರಿ ಹಿಡಿದು ಯಾರೂ ನಿಂತಿರಬೇಕಾಗಿಲ್ಲ ಎಂಬ ಖಂಡನೆ ನನ್ನ ನಾಲಿಗೆಯ ತುದಿಗೆ ಬಂದಾಗಿತ್ತು. ಬಾಯಿ ತೆರೆಯದೆ ನಿಂತೆ. ಸದ್ದು ಪೂರಾ ಅಡಗಿತು. ಅಪ್ಪ ಇನ್ನೂ ಆಕಾಶವನ್ನೇ ನೋಡುತ್ತಿದ್ದರು. ನಾನು ಇನ್ನೂ ನಿಂತೇ ಇದ್ದೆ.

ಮೇಕೆ ಬಂದು ಒರಗಿತು.